ಡಿಸ್ಚಾರ್ಜ್ ಆದ ರೋಗಿಗೆ ಕೊಡುವ ಹೊಸ ಸಾಧನವನ್ನು ಮನೆಯಲ್ಲೇ ಪರೀಕ್ಷಿಸಬೇಕು ಅನ್ನುವುದೇಕೆ?

ಹೃದಯ ವೈಫಲ್ಯದ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ) ರೋಗಿಯ ತೂಕವನ್ನು ಆಸ್ಪತ್ರೆಗೆ ಕಳಿಸುವ ಬ್ಲೂಟೂತ್ ತಕ್ಕಡಿಯನ್ನೇ ತೆಗೆದುಕೊಳ್ಳಿ. 3 ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಎಚ್ಚರಿಕೆ ಹೋಗಬೇಕು. ಲ್ಯಾಬಿನಲ್ಲಿ ಇದು ಸಲೀಸು. ಮನೆಯಲ್ಲಿ ಹಾಗಲ್ಲ: ಜಮಖಾನದ ಮೇಲಿಟ್ಟರೆ ತೂಕ ತಪ್ಪುತ್ತದೆ, ಮಗ ಆಫೀಸಿಗೆ ಹೊರಟರೆ ತಕ್ಕಡಿಗೆ ಜೋಡಿಸಿದ ಫೋನೂ ಹೊರಟಿತು, ತೂಕ ಆಸ್ಪತ್ರೆ ತಲುಪದು, ಒಂದು ದಿನ ತಿಂಡಿಗೆ ಮುಂಚೆ, ಮರುದಿನ ಊಟದ ಮೇಲೆ ತೂಗಿದರೆ ಸುಳ್ಳು ಎಚ್ಚರಿಕೆ.

ಹಾಗಾಗಿ ನೈತಿಕ ಸಮಿತಿಯ (ರೋಗಿಗಳ ಮೇಲಿನ ಪ್ರಯೋಗಗಳನ್ನು ಪರಿಶೀಲಿಸುವ ಸಮಿತಿ) ಮತ್ತು ರೋಗಿಯ ಒಪ್ಪಿಗೆ ಪಡೆದು, ನರ್ಸ್, ಮನೆಯವರು, ತಯಾರಕರು ಸೇರಿ ಮೊದಲು ಕೆಲವೇ ಮನೆಗಳಲ್ಲಿ 30 ದಿನ ಬಳಸಿ ನೋಡುವುದು ಒಳ್ಳೆಯದು. ಭಾನುವಾರ ಬಂದ ಎಚ್ಚರಿಕೆಗೆ ಯಾರು ಓಗೊಡುತ್ತಾರೆ ಎಂಬುದನ್ನು ಮೊದಲೇ ಬರೆದಿಡಿ. ಯೋಜನೆ ಎಡವಬಹುದಾದ ಜಾಗ ಇದು. ಮಾಮೂಲಿ ಫಾಲೋ-ಅಪ್ ಮಾತ್ರ ನಿಲ್ಲಿಸಕೂಡದು.