120 ಮಂದಿ ಸ್ಯಾಂಪಲ್ ಇಟ್ಕೊಂಡು ಮೈಕ್ರೋಬಯೋಮ್ ಜೀವಾಸ್ ಮಾಡಬಹುದಾ?

ನಿಮ್ಮ ಹತ್ರ 120 ಮಂದಿ ಸ್ಟೂಲ್ ಸ್ಯಾಂಪಲ್, ಅವರದ ಜೀನೋಟೈಪ್ (ಡಿಎನ್‌ಎದ ಯಾವ ಜಾಗದಾಗ ಯಾವ ಅಕ್ಷರ ಐತಿ ಅನ್ನೋದು), ರಕ್ತದ ಮೆಟಬೊಲೈಟ್ (ಮೈಯೊಳಗ ತಯಾರಾಗೋ ಸಣ್ಣ ಸಣ್ಣ ರಾಸಾಯನಿಕ) ಡೇಟಾ ಅದಾವ, ಯಾವ ಜೀನ್‌ನಿಂದ ಹೊಟ್ಟಿಯೊಳಗ ಯಾವ ಬ್ಯಾಕ್ಟೀರಿಯಾ ಹೆಚ್ಚಾಗತೈತಿ ಅಂತ ಎಂ.ಎಸ್ಸಿ ಪ್ರಾಜೆಕ್ಟಿಗೆ ಹುಡುಕಬೇಕು, ಯಾವ ಮೆಥಡ್ ಹಚ್ಚಲಿ ಅಂತ ಕೇಳೀರಿ. ನಾನು ಬೆಳಗಾವಿಯೊಳಗ ಇಂಥಾ ಡೇಟಾದ ಅನಾಲಿಸಿಸ್ ಮಾಡ್ತೀನ್ರಿ, ನೇರ ಹೇಳಬೇಕಂದ್ರ ಹೊಟ್ಟಿಯ ಬ್ಯಾಕ್ಟೀರಿಯಾದ, ಅಂದ್ರ ಮೈಕ್ರೋಬಯೋಮ್‌ನ ಮ್ಯಾಲೆ ಜೀವಾಸ್ (ಇಡೀ ಡಿಎನ್‌ಎದ ಒಂದೊಂದ ಜಾಗ ಟೆಸ್ಟ್ ಮಾಡಿ ಸಂಬಂಧ ಹುಡುಕೋದು) ಮಾಡಾಕ ಹೋಗಬ್ಯಾಡ್ರಿ, ಮೆಟಬೊಲೈಟ್ ಕಡೆ ಹೊಳ್ರಿ.

ಎರಡ ನಂಬರ್ ನೋಡ್ರಿ. 2021ರಾಗ ಮಿಬಯೋಜೆನ್ ಅನ್ನೋ ಸಂಶೋಧಕರ ಒಕ್ಕೂಟದವರು 24 ಕೊಹಾರ್ಟ್ (ಸ್ಟಡಿಯ ಗುಂಪು) ಕೂಡಿಸಿ 18,340 ಮಂದಿ ಡೇಟಾ ನೋಡಿದ್ರು, ಅಷ್ಟು ಮಾಡಿದ್ರೂ ಎಲ್ಲಾ ಬ್ಯಾಕ್ಟೀರಿಯಾದ ಟೆಸ್ಟ್ ಲೆಕ್ಕಕ್ಕ ಹಿಡಿದಾಗ ಗಟ್ಟಿ ಉಳಿದಿದ್ದು ಒಂದ ಜಾಗ, ಲ್ಯಾಕ್ಟೇಸ್ ಜೀನ್. ಅದ 2008ರಾಗ ಜರ್ಮನಿಯ ಕೋರಾ ಸ್ಟಡಿಯೊಳಗ ಬರೇ 284 ಗಂಡಸರ ರಕ್ತ ನೋಡಿ ಫ್ಯಾಡ್ಸ್1 ಜೀನ್ ಹಿಡದ್ರು. ಯಾಕಂದ್ರ ಆ ಜೀನ್ ಮಾಡೋ ಎಂಜೈಮ್ ಒಂದು ಫ್ಯಾಟಿ ಆಸಿಡ್ ಅನ್ನ ಇನ್ನೊಂದು ಮಾಡತೈತಿ, ಎಂಜೈಮ್‌ಗೆ ಒಳಗ ಹೋಗೋದು ಹೊರಗ ಬರೋದು ಎರಡರ ರೇಶಿಯೋ ತಗೊಂಡ್ರ ಸಿಗ್ನಲ್ ಇನ್ನೂ ಜೋರಾಗತೈತಿ. ಜೀನ್‌ನಿಂದ ಮೆಟಬೊಲೈಟ್‌ಗೆ ಒಂದ ಹೆಜ್ಜಿ. ಬ್ಯಾಕ್ಟೀರಿಯಾಕ್ಕ ಬಂದ್ರ ನಡುವ ಊಟ, ಗುಳಿಗಿ, ನೀರು, ಮನಿ ಎಲ್ಲಾ ಅಡ್ಡ ಬರ್ತಾವ.

ಬ್ಯಾಕ್ಟೀರಿಯಾನ ಬೇಕು ಅಂದ್ರ ಲ್ಯಾಕ್ಟೇಸ್ ಒಂದನ್ನ ಟೆಸ್ಟ್ ಮಾಡ್ರಿ, ಅದರ ಕತಿ ಚಲೋ ಐತಿ. ದೊಡ್ಡವರಾದ ಮ್ಯಾಲೆ ಹಾಲಿನ ಲ್ಯಾಕ್ಟೋಸ್ ಜೀರ್ಣ ಆಗದವರಿಗೆ ಅದು ಹಂಗ ದೊಡ್ಡ ಕರುಳಿಗೆ ಇಳಿತೈತಿ, ಅಲ್ಲಿ ಬೈಫಿಡೋಬ್ಯಾಕ್ಟೀರಿಯಂ ಅದನ್ನ ತಿಂದು ಬೆಳಿತೈತಿ, ಆದ್ರ ಅವರು ಹಾಲು ಕುಡಿದ್ರ ಮಾತ್ರ. ಅಂದ್ರ ಜೀನ್ ಒಂದ ಸಾಲಂಗಿಲ್ಲ, ಮಾಡೆಲ್‌ನಾಗ ಜೀನ್ ಮತ್ತ ಹಾಲಿನ ಇಂಟರಾಕ್ಷನ್ ಟರ್ಮ್, ಅಂದ್ರ ಎರಡೂ ಕೂಡಿದಾಗ ಆಗೋ ಪರಿಣಾಮ ಅಳಿಯೋ ಭಾಗ ಬೇಕು. ನಮ್ಮ ಕಡೆ ಮಂದಿ ಹಾಲು ಕುಡಿಯೋದಕ್ಕಿಂತ ರೊಟ್ಟಿ ಜೋಡಿ ಮೊಸರು, ಊಟ ಆದ ಮ್ಯಾಲೆ ಮಜ್ಜಿಗಿ ತಗೊಳ್ಳೋದ ಹೆಚ್ಚು, ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಒಂದಿಷ್ಟು ಅಲ್ಲೇ ಖರ್ಚಾಗಿರತೈತಿ, ಅದಕ್ಕ ಫಾರ್ಮಿನಾಗ "ಹಾಲಿನ ಪದಾರ್ಥ" ಅಂತ ಒಂದ ಕಾಲಂ ಇದ್ರ ಉಪಯೋಗಿಲ್ಲ, ಹಾಲು, ಚಾ, ಮೊಸರು, ಮಜ್ಜಿಗಿ ಬ್ಯಾರೆ ಬ್ಯಾರೆ ಕೇಳಿ ಬರಕೋರಿ.

ಇನ್ನೊಂದು, ಸ್ಯಾಂಪಲ್‌ನಾಗ ಯಾವ ಬ್ಯಾಕ್ಟೀರಿಯಾ ಎಷ್ಟು ಪರ್ಸೆಂಟ್ ಅನ್ನೋದನ್ನ ನೇರ ರಿಗ್ರೆಷನ್ನಿಗೆ ಹಾಕಬ್ಯಾಡ್ರಿ. ಜೋಳ, ಕಡ್ಲಿ, ತೊಗರಿ ಕಲಸಿದ ಚೀಲದಾಗಿಂದ ಒಂದು ಸೇರು ತಗದು ಎಣಿಸಿದಂಗ ಇದು, ಚೀಲಕ್ಕ ಜೋಳ ಸುರಿದ್ರ ಕಡ್ಲಿ ಒಂದ ಕಾಳೂ ಕಡಿಮಿ ಆಗಿರಂಗಿಲ್ಲ, ಸೇರಿನಾಗ ಮಾತ್ರ ಕಡಿಮಿ ಕಾಣತೈತಿ. ಅಚಿಸನ್ ಅನ್ನೋರು 1980ರ ದಶಕದಾಗ ಇದಕ್ಕ ಲಾಗ್ ರೇಶಿಯೋ ದಾರಿ ಹಾಕಿಕೊಟ್ರು, ನೀವು ಸಿಎಲ್‌ಆರ್ ಮಾಡ್ರಿ, ಅಂದ್ರ ಒಂದೊಂದ ಬ್ಯಾಕ್ಟೀರಿಯಾನ ಆ ಸ್ಯಾಂಪಲ್‌ನ ಎಲ್ಲಾದರ ಜಿಯೊಮೆಟ್ರಿಕ್ ಸರಾಸರಿಯಿಂದ ಭಾಗಿಸಿ ಲಾಗ್ ತಗೊಳ್ರಿ. ಸೊನ್ನಿಗೆ ಲಾಗ್ ಬರಂಗಿಲ್ಲ, ಅದಕ್ಕ ಸೊನ್ನಿ ಬಂದಲ್ಲಿ ಏನು ಹಾಕಿದ್ರಿ ಅನ್ನೋದನ್ನ ರಿಪೋರ್ಟಿನಾಗ ಬರೀರಿ, ರಿಸಲ್ಟ್ ಅದರ ಮ್ಯಾಲೆ ಅಲುಗಾಡತೈತಿ.

ನಮ್ಮ ಭಾಗದಾಗ ಸೋದರಮಾವ, ಅತ್ತಿ ಮಗ ಅಂತ ಸಂಬಂಧದೊಳಗ ಮದುವಿ ಬಾಳ. ಹಿಂಗಾಗಿ ಕಿನ್‌ಶಿಪ್ ಮ್ಯಾಟ್ರಿಕ್ಸ್ (ಯಾರಿಗೆ ಯಾರು ಎಷ್ಟು ರಕ್ತಸಂಬಂಧ ಅನ್ನೋ ಕೋಷ್ಟಕ) ಇಲ್ದ ಮಾಡೆಲ್ ನಡಿಯಂಗಿಲ್ಲ, ಆದ್ರ ಅದೊಂದ ಹಾಕಿದ್ರೂ ತಪ್ಪು, ಯಾಕಂದ್ರ ರಕ್ತಸಂಬಂಧ ಇದ್ದವರು ಒಂದ ಒಲಿ ಮ್ಯಾಲಿನ ಅಡಗಿ ಉಣ್ತಾರ. 2018ರಾಗ ಇಸ್ರೇಲಿನ 1,046 ಮಂದಿ ಸ್ಟಡಿಯೊಳಗ ಸಂಬಂಧ ಇಲ್ದಿದ್ರೂ ಒಂದ ಮನ್ಯಾಗ ಇರೋರ ಬ್ಯಾಕ್ಟೀರಿಯಾ ಒಂದಕ್ಕೊಂದು ಹೋಲ್ತಾವ ಅಂತ ಕಂಡಿತ್ತು. ಅದಕ್ಕ ಮಿಕ್ಸ್ಡ್ ಮಾಡೆಲ್‌ನಾಗ ಕಿನ್‌ಶಿಪ್ ಒಂದು, ಮನಿ ಒಂದು, ಎರಡೂ ರ‍್ಯಾಂಡಮ್ ಎಫೆಕ್ಟ್ (ಒಂದ ಗುಂಪಿನವರ ನಡುವಿನ ಹೋಲಿಕೆಯನ್ನ ಲೆಕ್ಕಕ್ಕ ಹಿಡಿಯೋ ಭಾಗ) ಆಗಿ ಇರಲಿ.

ಮೆಂಡೀಲಿಯನ್ ರ‍್ಯಾಂಡಮೈಸೇಷನ್ (ಜೀನ್ ವ್ಯತ್ಯಾಸ ಬಳಸಿ ಯಾವುದರಿಂದ ಯಾವುದು ಆಗತೈತಿ ಅಂತ ಕಾರಣ ಹುಡುಕೋ ಮೆಥಡ್) ಈಗ ಎಲ್ಲಾರೂ ಮಾಡಾಕತ್ತಾರ, ಪಿ ವ್ಯಾಲ್ಯೂಗೆ 1 × 10⁻⁵ ಅನ್ನೋ ಸಡಿಲ ಕಟ್‌ಆಫ್ ಇಟ್ಟು ಸಿಕ್ಕ ಸಿಕ್ಕ ಎಸ್‌ಎನ್‌ಪಿ (ಡಿಎನ್‌ಎದಾಗಿನ ಒಂದಕ್ಷರದ ವ್ಯತ್ಯಾಸ) ತಗೊಂಡು ಈ ಬ್ಯಾಕ್ಟೀರಿಯಾದಿಂದ ಈ ರೋಗ ಅಂತ ಬರೀತಾರ. ಎಸ್‌ಎನ್‌ಪಿನ ಗಟ್ಟಿ ಇಲ್ದಾಗ ಅದರ ಮ್ಯಾಲೆ ಕಾರಣ ಕಟ್ಟಾಕ ಬರಂಗಿಲ್ರಿ, ನೀವು ಅದರ ಹಾದಿ ಹಿಡಿಬ್ಯಾಡ್ರಿ.

ಕಡೀಕ ನಮಗ ಆದದ್ದು ಹೇಳ್ತೀನಿ. ನಾನು ಮೊದಲಿದ್ದ ಲ್ಯಾಬಿನಾಗ ಶುಗರ್ ಇದ್ದವರ ಸ್ಯಾಂಪಲ್ ಒಂದು ಕಿಟ್ಟಿನಾಗ, ಇಲ್ದವರದ್ದು ಎರಡು ತಿಂಗಳ ಮ್ಯಾಲೆ ಬ್ಯಾರೆ ಕಿಟ್ಟಿನಾಗ ಡಿಎನ್‌ಎ ತಗದಿದ್ರು. ಪ್ಲಾಟಿನಾಗ ಎರಡು ಗುಂಪು ಚಂದ ಬಿಡಿಸಿ ಬಿದ್ದಿದ್ದು ನೋಡಿ ಎಲ್ಲಾರಿಗೂ ಖುಷಿ ಆಗಿತ್ತು, ಆಮ್ಯಾಲೆ ಏನೂ ಹಾಕದ ಖಾಲಿ ಟ್ಯೂಬಿನ ಸೀಕ್ವೆನ್ಸ್ ತಗದು ನೋಡಿದ್ರ ಗುಂಪು ಬ್ಯಾರೆ ಮಾಡಿದ್ದ ಬ್ಯಾಕ್ಟೀರಿಯಾನ ಅದರಾಗೂ ಇದ್ವು, ಅಂದ್ರ ಅವು ಮಂದಿ ಹೊಟ್ಟಿಯಿಂದಲ್ಲ, ಕಿಟ್ಟಿನಿಂದ ಬಂದಿದ್ವು. ರೋಗ ಮತ್ತ ಕಿಟ್ ಹಂಗ ಹೆಣಕೊಂಡ್ರ ಯಾವ ಮಾಡೆಲ್ಲೂ ಬಿಡಿಸಿ ಕೊಡಂಗಿಲ್ಲ, ಒಂದು ವರ್ಷದ ಕೆಲಸ ಹೋತು. ನಿಮ್ಮ 120 ಟ್ಯೂಬಿಂದು ಯಾವ ದಿನ, ಯಾವ ಕಿಟ್‌ನಾಗ ತಗದಾರ ಅಂತ ನಾಳೆ ಮುಂಜಾನೆ ಲ್ಯಾಬಿನವರನ್ನ ಕೇಳ್ರಿ, ಆ ಲಿಸ್ಟ್ ಸಿಕ್ಕ ಮ್ಯಾಲೆ ಇಲ್ಲೇ ಬರೀರಿ, ಮಾಡೆಲ್ ಕೂಡೇ ಕಟ್ಟೂಣು.