ನೇಪಾಳಿ ಮಾತಾಡುವ ದೊಡ್ಡವರ ಮಾತಿನ ವೇಗ, ಓದಿನ ವೇಗ ಅಳೆಯುವುದು ಹೇಗೆ?

ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸಿದರೆ ಸಾಕಲ್ವಾ ಅನಿಸುತ್ತದೆ. ಆದರೆ ನೇಪಾಳಿಯಲ್ಲಿ ಅದೊಂದೇ ಸಾಲದು. ಕನ್ನಡದ ಹಾಗೆ ಅಲ್ಲೂ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. 'ಘರ್' ಅಂದರೆ ಮನೆ, 'ಘರ್‌ಮಾ' ಅಂದರೆ ಮನೆಯಲ್ಲಿ. ಎರಡೂ ಒಂದೊಂದೇ ಪದ, ಉದ್ದ ಮಾತ್ರ ಬೇರೆ. ಹಾಗಾಗಿ ಉಚ್ಚಾರದ ತುಣುಕುಗಳನ್ನು, ಅಂದರೆ ಸಿಲಬಲ್‌ಗಳನ್ನು ಎಣಿಸುವುದು ಒಳ್ಳೆಯದು.

ಇಲ್ಲೊಂದು ಎಚ್ಚರ ಬೇಕು. ದೇವನಾಗರಿಯಲ್ಲಿ 'ಘರಮಾ' ಅಂತ ಮೂರು ಅಕ್ಷರ ಬರೆಯುತ್ತಾರೆ, ಬಾಯಲ್ಲಿ ಬರುವುದು 'ಘರ್-ಮಾ' ಅಂತ ಎರಡೇ ತುಣುಕು. ಬರಹ ನೋಡಿ ಎಣಿಸಿದರೆ ಲೆಕ್ಕ ಜಾಸ್ತಿಯಾಗುತ್ತದೆ. ರೆಕಾರ್ಡಿಂಗ್ ಕೇಳಿಯೇ ಎಣಿಸಬೇಕು.

ಓದಿಗೆ ಎಲ್ಲರಿಗೂ ಒಂದೇ ಪಠ್ಯ ಕೊಡಿ. ಮಾತಿಗೆ ಊರು, ಕೆಲಸದ ಬಗ್ಗೆ ಹೇಳಿಸಿ. ಮಾತಾಡುವಾಗ ಯೋಚಿಸಲು ನಿಲ್ಲುತ್ತೇವೆ, ಆದ್ದರಿಂದ ಆ ಮೌನ ಸೇರಿಸಿ ಒಂದು ಲೆಕ್ಕ, ಬಿಟ್ಟು ಇನ್ನೊಂದು ಲೆಕ್ಕ ಇಡಿ.

ಮನೆಮಾತು ಯಾವುದೆಂದು ಕೇಳುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ ನೇಪಾಳಿ ತಾಯ್ನುಡಿಯಾಗಿರುವವರು ಸುಮಾರು 45% ಅಷ್ಟೇ. ಮೈಥಿಲಿ ಅಥವಾ ತಮಾಂಗ್ ಮನೆಮಾತಿನವರು ನೇಪಾಳಿಯನ್ನು ನಿಧಾನವಾಗಿ ಓದಿದರೆ ಅದನ್ನು ತೊಂದರೆ ಎಂದು ಬರೆದುಕೊಳ್ಳುವುದು ಅನ್ಯಾಯ.