ಸೈಬರ್ ಸೆಕ್ಯುರಿಟಿ ಕಲಿತರೆ ನಮ್ಮ ಕಡೆ ಕೆಲಸ ಸಿಗುತ್ತಾ?

ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ, ದೇಶದಲ್ಲಿ ಇಷ್ಟೊಂದು ಸೈಬರ್ ದಾಳಿ ನಡೀತಿರುವಾಗ ಕೆಲಸ ಗ್ಯಾರಂಟಿ ತಾನೆ, ಸಾಲ ಮಾಡಿ ಎಥಿಕಲ್ ಹ್ಯಾಕಿಂಗ್ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಕೆಲಸ ಇದೆ, ಸಾಲ ಬೇಡ. ನಾನು ಚಿಕ್ಕಮಗಳೂರಿನಲ್ಲಿ ಸಹಕಾರ ಸಂಘಗಳ, ಕಾಫಿ ಕ್ಯೂರಿಂಗ್‌ನವರ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳೋನು. ಆ ಕಡೆಯಿಂದ ಕಂಡಿದ್ದನ್ನ ಹೇಳ್ತೀನಿ.

ದೇಶದ ಭದ್ರತೆ ಅಂದ ಕೂಡಲೇ ನಿಮ್ಮೂರಿನವರು ಸಾಲಗಾಮೆ ರಸ್ತೆಯ ಇಸ್ರೋ ಕಡೆ ಕೈ ತೋರಿಸ್ತಾರೆ. ಉಪಗ್ರಹ ನಿಯಂತ್ರಿಸೋ ಜಾಗ, ಅದನ್ನ ಕಾಯೋಕೆ ಜನ ಇದ್ದಾರೆ. ಪತ್ತಿನ ಸಂಘವನ್ನ ಕಾಯೋರು ಯಾರು? 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸೋ ಸಿ-ಎಡ್ಜ್ ಕಂಪನಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿತು, ಅಂದ್ರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್. ಯುಪಿಐ ನಡೆಸೋ ಎನ್‌ಪಿಸಿಐ ಅದರ ಸಂಪರ್ಕ ಕಡಿದು ಹಾಕ್ತು. ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಎಟಿಎಂ, ಯುಪಿಐ ತೊಂದರೆ ಆಯ್ತು. ಆ ವರ್ಷ ಸೈಬರ್ ದಾಳಿ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಲೆಕ್ಕಕ್ಕೆ ಬಂದ ಘಟನೆಗಳೇ 20 ಲಕ್ಷ ದಾಟಿದ್ವು.

ನಿಯಮಕ್ಕೇನೂ ಕಮ್ಮಿ ಇಲ್ಲ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿತು. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್, ಅಂದ್ರೆ ಯಾರು ಯಾವಾಗ ಏನು ಮಾಡಿದ್ರು ಅಂತ ಕಂಪ್ಯೂಟರ್ ತಾನೇ ಬರೆದಿಡೋ ದಾಖಲೆ, 180 ದಿನ ಇಟ್ಟಿರಬೇಕು. ಆದರೆ ಗಮನಿಸೋಕೇ ಯಾರೂ ಇಲ್ಲದಿದ್ರೆ ಆ 6 ಗಂಟೆ ಶುರುವಾಗೋದೇ ಇಲ್ಲ.

ಒಂದು ಸಂಘದ ಸರ್ವರ್ ನೋಡಿದ್ದೆ. ಸಾಫ್ಟ್‌ವೇರಿನವರು ಬೆಂಗಳೂರಿಂದಲೇ ರಿಪೇರಿ ಮಾಡ್ಲಿ ಅಂತ ದೂರದಿಂದ ಕಂಪ್ಯೂಟರ್ ನಡೆಸೋ ರಿಮೋಟ್ ಡೆಸ್ಕ್‌ಟಾಪನ್ನ ನೇರ ಇಂಟರ್ನೆಟ್ಟಿಗೆ ಬಿಟ್ಟಿದ್ರು. ಲಾಗ್ ತೆಗೆದ್ರೆ ಸಾಲುಸಾಲಾಗಿ 4625, ಅಂದ್ರೆ ಪಾಸ್‌ವರ್ಡ್ ತಪ್ಪಿದ ಲಾಗಿನ್. ಎಲ್ಲಾ ಅಡ್ಮಿನಿಸ್ಟ್ರೇಟರ್ ಹೆಸರಲ್ಲಿ, ಸೆಕೆಂಡಿಗೊಂದರಂತೆ. ಆ ಸಾಲಿನ ನಡುವೆ ಅಪರಾತ್ರಿಯಲ್ಲಿ, ಗುರುತಿಲ್ಲದ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಒಂದು 4624, ಅಂದ್ರೆ ಯಶಸ್ವಿಯಾದ ಲಾಗಿನ್, ಕಂಡರೆ ಕಳ್ಳ ಒಳಗೆ ಬಂದ ಅಂತ ಲೆಕ್ಕ. ಇದ್ದಷ್ಟರಲ್ಲಿ ಕಾಣಲಿಲ್ಲ. ಹಿಂದಿನದು ನೋಡೋಣ ಅಂದ್ರೆ ಲಾಗ್ ಫೈಲಿನ ಮಿತಿ ವಿಂಡೋಸ್ ಕೊಟ್ಟ 20 ಎಂಬಿಯಲ್ಲೇ ಇತ್ತು. ಹೊಸದು ಬಂದ ಹಾಗೆ ಹಳೇದು ಅಳಿಸಿ ಹೋಗ್ತಿತ್ತು. 180 ದಿನ ಹಾಗಿರ್ಲಿ, ಹಿಂದಿನ ದಿನದ್ದೂ ಉಳಿದಿರಲಿಲ್ಲ.

ಈಗ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳೂ 2025ರ ನವೆಂಬರಿನಲ್ಲಿ ಬಂದಿವೆ. ಅವು ಪೂರ್ತಿ ಜಾರಿಗೆ ಬಂದ ಮೇಲೆ ಲಾಗ್ ಒಂದು ವರ್ಷ ಇಡಬೇಕು, ಭದ್ರತೆಯಲ್ಲಿ ಲೋಪವಾದ್ರೆ ದಂಡ 250 ಕೋಟಿವರೆಗೆ. ಅಷ್ಟು ದೊಡ್ಡ ಮೊತ್ತಕ್ಕೆ ಸಂಘದ ಸೆಕ್ರೆಟರಿ ಹೆದರಲ್ಲ ಬಿಡಿ, ಆಡಿಟರ್ ಬರೆಯೋ ಒಂದು ಸಾಲಿನ ಆಕ್ಷೇಪಣೆಗೆ ಹೆದರ್ತಾರೆ. ನಮ್ಮಂಥವರಿಗೆ ಕೆಲಸ ಬರೋದೂ ಹಾಗೇ.

ಹಾಸನ, ಚಿಕ್ಕಮಗಳೂರಿನಲ್ಲಿ "ಸೆಕ್ಯುರಿಟಿ ಅನಲಿಸ್ಟ್" ಅಂತ ಬೋರ್ಡ್ ಹಾಕಿ ಯಾರೂ ಕರೆಯಲ್ಲ. ನೆಟ್‌ವರ್ಕಿಂಗ್, ಸಿಸಿಟಿವಿ, ಬ್ಯಾಕಪ್ ಅನ್ನೋ ಹೆಸರಲ್ಲೇ ಬರುತ್ತೆ. ಮೊದಲ ಕೆಲಸ ಬಹುಶಃ ಬೆಂಗಳೂರಿನ ಯಾವುದಾದ್ರೂ ಎಸ್‌ಒಸಿಯಲ್ಲಿ (ಕಂಪನಿಗಳ ನೆಟ್‌ವರ್ಕನ್ನ ಹಗಲು ರಾತ್ರಿ ಕಾಯೋ ಕೇಂದ್ರ), ನೈಟ್ ಶಿಫ್ಟಿನಲ್ಲಿ, ಸ್ಕ್ರೀನ್ ಮೇಲೆ ಬರೋ ಅಲರ್ಟ್ ನೋಡ್ತಾ ಕೂರೋದು. ಪೋಸ್ಟರಿನಲ್ಲಿರೋ ತಲೆ ಮುಚ್ಚೋ ಹೂಡಿ ಜಾಕೆಟ್ ಹಾಕಿದ ಹ್ಯಾಕರ್ ಹುಡುಗನ ಕೆಲಸ ಅಲ್ಲ ಅದು.

ಸದ್ಯಕ್ಕೆ ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಮಟ್ಟದ ನೆಟ್‌ವರ್ಕಿಂಗ್ ಮತ್ತೆ ಲಿನಕ್ಸ್ ಗಟ್ಟಿ ಮಾಡ್ಕೊಳ್ಳಿ. 8 ಜಿಬಿ ರ‍್ಯಾಮಿನ ಹಳೇ ಕಂಪ್ಯೂಟರ್ ಇದ್ರೆ ವಾಝು (Wazuh) ಹಾಕಿ, ಲಾಗ್ ನೋಡಿ ಅಲರ್ಟ್ ಕೊಡೋ ಸಾಫ್ಟ್‌ವೇರ್, ಅದು ಫ್ರೀ. ಮನೆಯ ಇನ್ನೊಂದು ಕಂಪ್ಯೂಟರಿನ ಲಾಗ್ ಅದಕ್ಕೆ ಕಳಿಸಿ, ಬೇಕಂತಲೇ ತಪ್ಪು ಪಾಸ್‌ವರ್ಡ್ ಹೊಡೆದು ಅಲರ್ಟ್ ಬರುತ್ತಾ ನೋಡಿ. ಬರಲಿಲ್ಲ ಅಂದ್ರೆ ಯಾಕೆ ಅಂತ ಹುಡುಕಿ, ಹುಡುಕಿದ್ದನ್ನ ಬರೆದಿಡಿ. ಇಂಟರ್‌ವ್ಯೂನಲ್ಲಿ ಅದನ್ನೇ ತೆಗೆದು ತೋರಿಸಿ. ದುಡ್ಡು ಕೊಟ್ಟೇ ಕಲೀಬೇಕು ಅಂದ್ರೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಪಿಜಿ ಡಿಪ್ಲೊಮಾ ವಿಚಾರಿಸಿ. ಹಾಂ, ಕಾಲೇಜಿನ ವೆಬ್‌ಸೈಟ್ ಮೇಲೆ ಪ್ರಯೋಗ ಮಾಡೋಕೆ ಹೋಗ್ಬೇಡಿ. ಐಟಿ ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿ ಕೇಸಾದ್ರೆ ಮೂರು ವರ್ಷದವರೆಗೆ ಜೈಲು ಇದೆ.